ಕವಡೆ ಕಲಿಸುವ ಲೆಕ್ಕ

ಪಿಯುಸಿ ಪುಸ್ತಕದಲ್ಲಿ ‘ಸಂಭವನೀಯತಾ ವಿತರಣೆ’ ಕಂಡ ಕೂಡಲೇ ಹಾಳೆ ತಿರುವಿಬಿಡುವ ಮರಿಯಮ್ಮನಹಳ್ಳಿಯ ಹುಡುಗ ಹುಡುಗಿಯರಿಗೆ ಒಂದು ಮಾತು. ಪುಸ್ತಕ ಮುಚ್ಚಿಡಿ, ಅಜ್ಜಿಯ ಹತ್ತಿರ ನಾಲ್ಕು ಕವಡೆ ಇಸ್ಕೊಳ್ಳಿ. ಹಂಪಿಯ ಕಲ್ಲುಹಾಸಿನ ಮೇಲೂ ಆಟದ ಮನೆ ಕೆತ್ತಿಟ್ಟ ಸೀಮೆ ನಮ್ಮದು. ಚೌಕಾಬಾರ ಗೊತ್ತಿಲ್ಲ ಅನ್ನಬೇಡಿ.

ನಾಲ್ಕು ಕವಡೆ ಎಸೆದರೆ ಬೀಳುವುದು ಒಂದು, ಎರಡು, ಮೂರು, ನಾಲ್ಕು (ಚೌಕ), ಇಲ್ಲವೇ ಎಂಟು (ಬಾರ). ಎರಡೂವರೆ ಬೀಳುವುದಿಲ್ಲ. ಹೀಗೆ ಬಿಡಿಬಿಡಿಯಾಗಿ ಎಣಿಸಬಹುದಾದ ಬೆಲೆಗಳದ್ದೇ ಈ ಪಾಠ. ಕವಡೆ ಬೋರಲಾಗಿಯೂ ಅಂಗಾತವಾಗಿಯೂ ಸಮಸಮ ಬೀಳುತ್ತದೆಂದು ಸದ್ಯಕ್ಕೆ ಇಟ್ಟುಕೊಳ್ಳಿ. ಬೀಳುವ ಬಗೆ ಒಟ್ಟು 16. ಅದರಲ್ಲಿ ಒಂದಕ್ಕೆ 4, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ 1, ಬಾರಕ್ಕೆ 1. ಪ್ರತಿಯೊಂದನ್ನೂ 16ರಿಂದ ಭಾಗಿಸಿ ಪಟ್ಟಿ ಬರೆದರೆ ಅದೇ ವಿತರಣೆ. ಕೂಡಿಸಿದಾಗ 1 ಬರದಿದ್ದರೆ ಎಲ್ಲೋ ಎಡವಿದ್ದೀರಿ.

ಪ್ರತಿ ಬೆಲೆಯನ್ನೂ ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿಸಿ: ಸರಾಸರಿ 2.5. ಎಂದೂ ಬೀಳದ ಎರಡೂವರೆ! ಗಾಬರಿಯಾಗಬೇಡಿ, ಅದು ಮುಂದಿನ ಎಸೆತದ ಭವಿಷ್ಯವಲ್ಲ, ನೂರಾರು ಎಸೆತಗಳ ಹದ.

ಇನ್ನು ನಿಜವಾದ ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ, ಸಮಸಮ ಬೀಳಲೇಬೇಕೆಂದೇನಿಲ್ಲ. 200 ಸಲ ಎಸೆದು ಗೀಟು ಹಾಕಿ ನೋಡಿ. ಅಜ್ಜಿ ಬೈದರೆ ಹೋಂವರ್ಕ್ ಅನ್ನಿ.