ಸುಮ್ಮನಿರುವ ಕೂಸು

ಅತ್ತು ರಂಪಮಾಡದೆ ಇಟ್ಟಲ್ಲಿಯೇ ಕೂತಿರುವ ಕೂಸನ್ನು ಕಂಡು, "ಎಷ್ಟು ಸಾಧುವಾದ ಮಗು!" ಎಂದು ನೆರೆಯವರು ಹೊಗಳುವದುಂಟು. ತಾಯಂದಿರೇ, ಆ ಹೊಗಳಿಕೆಗೆ ಬೇಗನೆ ಹಿಗ್ಗಬೇಡಿರಿ. ಆ ಮೌನವು ಕೆಲವು ವೇಳೆ ಗುಣವಲ್ಲ, ಕೊರತೆಯೇ. ರಕ್ತದಲ್ಲಿ ಕಬ್ಬಿಣದ ಅಂಶವು ಕಡಿಮೆಯಾದ ಕೂಸು ಬೇಗ ದಣಿಯುತ್ತದೆ, ಹೊಸ ವಸ್ತುವಿಗೆ ಕೈಚಾಚದು, ತಾಯಿಯ ಸೆರಗನ್ನು ಬಿಡದು. ಆಡದ ಮೇಲೆ ಕಲಿಯುವದು ಹೇಗೆ? ಅಂಥ ಕೂಸನ್ನು ಆಸ್ಪತ್ರೆಗೆ ಒಯ್ದು ರಕ್ತಪರೀಕ್ಷೆ ಮಾಡಿಸಿರಿ.

ಬಡದೇಶಗಳ ಮಕ್ಕಳನ್ನು ಕುರಿತು 2007ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪಂಡಿತರು ಬರೆದರು. ಐದು ವರುಷದೊಳಗಿನ 20 ಕೋಟಿಗಿಂತ ಹೆಚ್ಚು ಮಕ್ಕಳು ತಮ್ಮ ಬುದ್ಧಿಯ ಪೂರ್ಣ ಬೆಳವಣಿಗೆಯನ್ನು ಹೊಂದುತ್ತಿಲ್ಲವೆಂದು ಎಣಿಸಿ, ನಾಲ್ಕು ಕಾರಣಗಳನ್ನು ಮುಖ್ಯವೆಂದು ಎತ್ತಿಹೇಳಿದರು. ಬಹುಕಾಲದ ಅರೆಹೊಟ್ಟೆಯಿಂದ ಮೈ ಗಿಡ್ಡಾಗುವದು, ಕಬ್ಬಿಣದ ಕೊರತೆ, ಅಯೋಡೀನ್ ಎಂಬ ಲವಣಾಂಶದ ಕೊರತೆ, ಈ ಮೂರನ್ನು ಎಲ್ಲರೂ ಒಪ್ಪುವರು. (ಅಯೋಡೀನ್ ಬೆರಸಿದ ಉಪ್ಪು ಗರ್ಭಿಣಿಗೂ ಅಗತ್ಯ, ಯಾಕಂದರೆ ಮಿದುಳು ಗರ್ಭದಲ್ಲಿಯೇ ಬೆಳೆಯತೊಡಗುತ್ತದೆ.) ನಾಲ್ಕನೆಯದನ್ನು ಕೇಳಿ ನಗುವವರುಂಟು. ಅದೇನಂದರೆ, ಕೂಸಿನ ಸಂಗಡ ಯಾರೂ ಮಾತಾಡದೆ, ಆಡದೆ ಇರುವದು.

ನಗುವವರು ಜಮೈಕಾ ದ್ವೀಪದಲ್ಲಿ ನಡೆದದ್ದನ್ನು ಕೇಳಲಿ. 1986-87ರಲ್ಲಿ ಅಲ್ಲಿನ ಕಿಂಗ್‌ಸ್ಟನ್ ಪಟ್ಟಣದ ಬಡಕೇರಿಗಳಿಂದ, 9ರಿಂದ 24 ತಿಂಗಳ ಪ್ರಾಯದ, ಬೆಳವಣಿಗೆ ಕುಂದಿದ 129 ಕೂಸುಗಳನ್ನು ಆರಿಸಿ ನಾಲ್ಕು ಪಂಗಡಗಳನ್ನು ಮಾಡಿದರು. ಮೊದಲನೆಯದಕ್ಕೆ ವಾರಕ್ಕೆ ಒಂದು ಕಿಲೋ ಹಾಲಿನ ಆಹಾರ, ಎರಡನೆಯದಕ್ಕೆ ವಾರಕ್ಕೊಂದು ತಾಸು ಆರೋಗ್ಯಸೇವಕಿಯ ಭೇಟಿ, ಮೂರನೆಯದಕ್ಕೆ ಎರಡೂ, ಕಡೆಯದಕ್ಕೆ ಎರಡೂ ಇಲ್ಲ. ಆ ಸೇವಕಿಯೇನೂ ದೊಡ್ಡ ಪಂಡಿತೆಯಲ್ಲ. ಬಿಸಾಡಿದ ಸೀಸೆ, ಡಬ್ಬಿಗಳಿಂದ ಆಟದ ಸಾಮಾನು ಮಾಡಿ, ಕೂಸಿನೊಡನೆ ಆಡುವ ಬಗೆಯನ್ನು ತಾಯಿಗೆ ತೋರಿಸುತ್ತಿದ್ದಳು, ಅಷ್ಟೇ. ಎರಡು ವರುಷ ಕಳೆಯಲಾಗಿ ಹಾಲೂ ಫಲಕೊಟ್ಟಿತು, ಆಟವೂ ಫಲಕೊಟ್ಟಿತು. ಎರಡನ್ನೂ ಪಡೆದ ಕೂಸುಗಳು ಎಲ್ಲರಿಗಿಂತಲೂ ಮುಂದಾದವು. ಇಪ್ಪತ್ತು ವರುಷಗಳ ಮೇಲೆ ಅವರನ್ನೇ ಹುಡುಕಿ ನೋಡಿದಾಗ, ಹಾಲಿನ ಫಲವು ಕಾಣಲಿಲ್ಲ. ಆಟವಾಡಿಸಲ್ಪಟ್ಟವರ ಸಂಪಾದನೆಯೋ ಉಳಿದವರಿಗಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತು!

ಇದರಿಂದ ಹಾಲು ಬೇಡವೆಂದು ತಿಳಿಯಬಾರದು; ಹಸಿದ ಕೂಸು ಆಡದು. ಆದರೆ ದಿನವೆಲ್ಲಾ ಕಳೆಕಿತ್ತು ಸೋತು ಬಂದ ತಾಯಿಗೆ ಆಡಿಸುವ ತ್ರಾಣ ಎಲ್ಲಿಂದ ಬರಬೇಕು? ತಾಯಿಯ ಮನಸ್ಸು ಕುಗ್ಗುವದೂ ಕೂಸಿಗೆ ಕೇಡೆಂದು ಆ ಪಂಡಿತರು ಬರೆದಿದ್ದಾರೆ. ಗಂಡಸರು ಇದನ್ನು ಸ್ತ್ರೀಯರ ಪಾಠವೆಂದು ದಾಟಿಹೋಗದಿರಲಿ. ಸಾಯಂಕಾಲ ಕೂಸನ್ನು ತೊಡೆಯ ಮೇಲೆ ಕೂರಿಸಿ, ಕೈಗೊಂದು ತೆಂಗಿನ ಚಿಪ್ಪನ್ನೋ ಮರದ ಸೌಟನ್ನೋ ಕೊಟ್ಟು, ಅದರ ಹೆಸರು ಹೇಳಿ, ಅದು ಉಲಿದದ್ದಕ್ಕೆ ಮರುಮಾತಾಡಿರಿ. ಅಷ್ಟು ಹೊತ್ತು ಅದರ ತಾಯಿ ಕೂತು ಹೊಟ್ಟೆತುಂಬ ಉಣ್ಣಲಿ.