ಮುರಿದ ಕೋವಿ: ಮಾರುವ ಮುನ್ನ ರಿಪೇರಿ ಬೇಕೆ?

ನಮ್ಮಲ್ಲಿ ಕೆಲವರ ಊರಮನೆಯ ಅಟ್ಟದಲ್ಲಿ ಮುತ್ತಜ್ಜನ ಕಾಲದ ಕೇಪಿನ ಕೋವಿ ಇದ್ದೀತು. ಕೇಪಿಗೆ ಬಡಿಯುವ ಸುತ್ತಿಗೆ ಮುರಿದು, ನಳಿಗೆಗೆ ತುಕ್ಕು ಹಿಡಿದಿರುತ್ತದೆ. ರಿಪೇರಿ ಮಾಡಿಸಿ ಮಾರಿದರೆ ಹೆಚ್ಚು ಬೆಲೆ ಬಂದೀತೆಂದು ನಮಗೆ ತೋರುವುದು ಸಹಜ. ಈ ಮಾತನ್ನು ಕೊಂಚ ವಿಚಾರ ಮಾಡೋಣ.

ಮೊದಲು ಜೀವ, ಆಮೇಲೆ ಹಣ. ನಳಿಗೆಯಲ್ಲಿ ಹಳೆಯ ಮದ್ದು ಉಳಿದಿರಬಹುದು. ಬಹುಕಾಲ ಕಳೆದರೂ ಅದು ಸಿಡಿಯಬಲ್ಲದು. ಬಲ್ಲವರು ನೋಡಿ ಬರಿದೆಂದು ಹೇಳುವ ತನಕ ಅದಕ್ಕೆ ಬೆಂಕಿ ತಾಗಿಸಬಾರದು, ಬಡಿಯಲೂಬಾರದು.

ಎರಡನೆಯದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೇ ಕಲಮಿನಂತೆ, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಪುರಾತನ ಆಯುಧಕ್ಕೆ ಆ ಕಾಯಿದೆ ತಗಲದು. ಸರಿಪಡಿಸಿದರೆ ಹಾರುವಂಥದಾದರೆ, ಇಂದು ಕೆಟ್ಟಿದ್ದರೂ ಅದು ಕಾಯಿದೆಗೆ ಒಳಪಟ್ಟದ್ದೇ. ಬಂದೂಕು ರಿಪೇರಿಯ ಕಸುಬಿಗೂ ಲೈಸೆನ್ಸು ಬೇಕು. ಆದ್ದರಿಂದ ಊರ ಕಮ್ಮಾರನಿಗೆ ಕೊಡುವ ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸಬೇಕು.

ಮೂರನೆಯದು ಬೆಲೆ. ಹಳೆಯ ವಸ್ತು ಸಂಗ್ರಹಿಸುವವರು ಹೊಳಪಿಗಿಂತ ಅಸಲಿತನ ನೋಡುತ್ತಾರೆ. ಮರಳು ಕಾಗದದಿಂದ ಉಜ್ಜಿದರೆ ತುಕ್ಕಿನೊಡನೆ ತಯಾರಕರ ಮುದ್ರೆಯೂ ಹೋಗುತ್ತದೆ. ಹೋದದ್ದು ಮರಳಿ ಬಾರದು. ರಿಪೇರಿಯನ್ನಾದರೆ ಕೊಂಡವನೂ ಮುಂದೆ ಮಾಡಿಸಿಕೊಳ್ಳಬಹುದು.

ಇದ್ದಂತೆಯೇ ಮಾರಿದರೆ 8,000 ರೂಪಾಯಿ, ರಿಪೇರಿಯಾದರೆ 10,000, ಖರ್ಚು 3,000 ಎನ್ನೋಣ. ಆಗ 1,000 ರೂಪಾಯಿ ನಷ್ಟವೇ ಸರಿ. ಆದುದರಿಂದ ಎರಡೂ ಬೆಲೆಗಳನ್ನು ಬಲ್ಲವರಿಂದ ಮೊದಲೇ ಕೇಳಿ ಬರೆದಿಡೋಣ. ಬರಿದೆಂದು ಖಚಿತವಾದ ಮೇಲೆ ಒಣ ಬಟ್ಟೆಯಿಂದ ಧೂಳು ಒರೆಸಿ, ಕಬ್ಬಿಣಕ್ಕೆ ತೆಳುವಾಗಿ ಎಣ್ಣೆ ಸವರಿ, ಮುರಿದ ಚೂರುಗಳನ್ನೂ ಪೊಟ್ಟಣ ಕಟ್ಟಿ ಜೊತೆಗಿಡೋಣ. ಹೆಚ್ಚಿನ ಪಾಲಿಗೆ ಇಷ್ಟೇ ಸಾಕು.