ಹಳೆಯ ಬಾಕಿ, ಹೊಸ ಸಹಿ

ಪ್ರಶ್ನೆ: ಕ್ರೆಡಿಟ್ ಕಾರ್ಡ್ ಬಾಕಿಗೆ ಕೊನೆಯ ಕಂತು ಕಟ್ಟಿದ್ದು 2014ರಲ್ಲಿ. ಆಮೇಲೆ ಪತ್ರವಿಲ್ಲ, ನೋಟಿಸಿಲ್ಲ. ಈಗ ವಸೂಲಿ ಏಜೆಂಟರು ರಾತ್ರಿ ಫೋನ್ ಮಾಡಿ, ‘ಐದು ಸಾವಿರ ಕಟ್ಟಿ, ಒಂದು ಪತ್ರಕ್ಕೆ ಸಹಿ ಹಾಕಿ, ಇಲ್ಲವಾದರೆ ಜೈಲು’ ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಸದ್ಯಕ್ಕೆ ಯಾವುದಕ್ಕೂ ಸಹಿ ಹಾಕಬೇಡಿ. 1963ರ ಕಾಲಮಿತಿ ಕಾಯ್ದೆಯಂತೆ ಇಂಥ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷವಷ್ಟೇ ಅವಕಾಶ. ನೀವು ಹೇಳಿದಂತೆಯೇ ಇದ್ದರೆ ಅದು ಎಂದೋ ಮುಗಿದಿದೆ. ಆದರೆ ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಬರೆದು ಸಹಿ ಮಾಡಿದರೆ, ಕರಾರು ಕಾಯ್ದೆಯ 25(3)ನೇ ಕಲಮಿನಡಿ ಅದು ಹೊಸ ಕರಾರಾಗುತ್ತದೆ. ಏಜೆಂಟರಿಗೆ ಬೇಕಿರುವುದು ಐದು ಸಾವಿರಕ್ಕಿಂತ ಆ ಕಾಗದ. ಬರೀ ಬಾಕಿಗಾಗಿ ಜೈಲಿಲ್ಲ.

ಪಡೆದ ಸಾಲ ತೀರಿಸಬೇಡವೇ ಎನ್ನಬಹುದು. ನ್ಯಾಯವೇ, ಅವಧಿ ಮುಗಿದರೂ ಸಾಲ ಅಳಿಯದು, ಕೋರ್ಟಿನ ದಾರಿ ಮಾತ್ರ ಮುಚ್ಚುತ್ತದೆ. ತೀರಿಸುವುದಾದರೆ ಬ್ಯಾಂಕಿನೊಡನೆಯೇ ಮಾತಾಡಿ, ಒಂದೇ ಕಂತಿನ ಇತ್ಯರ್ಥ ಪತ್ರವನ್ನು ವಕೀಲರಿಗೆ ತೋರಿಸಿ, ಹಣ ಕಟ್ಟಿ ಬಾಕಿಯಿಲ್ಲದ ಪತ್ರ ಪಡೆಯಿರಿ. ಮೊದಲು ಖಾತೆಯ ಪೂರ್ಣ ವಿವರವನ್ನು ಲಿಖಿತವಾಗಿ ಕೇಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಕರೆಗಳ ದಾಖಲೆಯಿಟ್ಟು ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಕೋರ್ಟ್ ಸಮನ್ಸ್ ಬಂದರೆ ಮಾತ್ರ ಉದಾಸೀನ ಬೇಡ, ಅಂದೇ ವಕೀಲರನ್ನು ಕಾಣಿ.